ಡೈರೆಕ್ಷನಲ್ ಆಂಟೆನಾ ಹಾಕಿದ ಮೇಲೆ ಥ್ರೂಪುಟ್ ಯಾಕೆ ಬೀಳುತ್ತದೆ?

ಆಡ್ ಹಾಕ್ ನೆಟ್‌ವರ್ಕ್ (ನಡುವೆ ಟವರ್ ಇಲ್ಲದೆ ವೈರ್‌ಲೆಸ್ ಸಾಧನಗಳೇ ನೇರವಾಗಿ ಮಾತಾಡುವ ಜಾಲ) ಸಿಮ್ಯುಲೇಶನ್‌ನಲ್ಲಿ ಎಲ್ಲ ನೋಡ್‌ಗಳಿಗೂ, ಅಂದ್ರೆ ಸಾಧನಗಳಿಗೂ, ಒಂದೇ ದಿಕ್ಕಿಗೆ ಸಿಗ್ನಲ್ ಬಿಡುವ ಡೈರೆಕ್ಷನಲ್ ಆಂಟೆನಾ ಕೊಟ್ಟೆ, ಆದರೂ ಥ್ರೂಪುಟ್ (ಸೆಕೆಂಡಿಗೆ ತಲುಪುವ ಡೇಟಾ) ಮೊದಲಿಗಿಂತ ಕಡಿಮೆ ಬರುತ್ತಿದೆ, ಯಾಕೆ ಅಂತ ಕೇಳಿದ್ದೀರಿ. ಕೋಡ್ ತಪ್ಪಿದೆ ಅಂತ ಈಗಲೇ ಅಂದುಕೊಳ್ಳಬೇಡಿ. ಎಂ.ಟೆಕ್ ಪ್ರಾಜೆಕ್ಟ್ ಹೊತ್ತಿನಲ್ಲಿ ನಾನೂ ಹಾಗೇ ಅಂದುಕೊಂಡು ಎರಡು ವಾರ ಕಳೆದಿದ್ದೆ.

ಉತ್ತರ ಸಿಕ್ಕಿದ್ದು ಟ್ರೇಸ್ ಫೈಲಿನಲ್ಲಿ, ಅಂದ್ರೆ ಸಿಮ್ಯುಲೇಶನ್‌ನ ಪ್ರತಿ ಘಟನೆಯ ದಾಖಲೆಯಲ್ಲಿ. ಮೂರು ನೋಡ್ ಸಾಕು. ‘ಎ’ ತನ್ನ ಬೀಮನ್ನು ‘ಬಿ’ ಕಡೆ ತಿರುಗಿಸಿ ಡೇಟಾ ಕಳಿಸುತ್ತಿದೆ. ಪಕ್ಕದಲ್ಲಿರುವ ‘ಸಿ’ಗೆ ಇದು ಗೊತ್ತೇ ಇಲ್ಲ. ‘ಎ’ಯ ಆರ್‌ಟಿಎಸ್ (‘ಕಳಿಸಲಾ?’ ಅಂತ ಮೊದಲು ಕೇಳುವ ಚಿಕ್ಕ ಸಂದೇಶ) ಕೂಡ ‘ಬಿ’ ಕಡೆಗಷ್ಟೇ ಹೋಗಿತ್ತು ಅಲ್ವಾ? ಈಗ ‘ಸಿ’ಯೂ ‘ಎ’ಗೆ ಆರ್‌ಟಿಎಸ್ ಕಳಿಸುತ್ತದೆ. ‘ಎ’ ಬೇರೆ ಕಡೆ ತಿರುಗಿರುವುದರಿಂದ ಸಿಟಿಎಸ್ (‘ಕಳಿಸು’ ಅನ್ನುವ ಉತ್ತರ) ಬರುವುದಿಲ್ಲ. ಎಲ್ಲೋ ಕೊಲಿಷನ್ (ಎರಡು ಸಿಗ್ನಲ್ ಡಿಕ್ಕಿ) ಆಗಿದೆ ಅಂದುಕೊಂಡು ಬ್ಯಾಕಾಫ್ ಮಾಡುತ್ತದೆ, ಅಂದ್ರೆ ಒಂದು ಸಂಖ್ಯೆ ಆರಿಸಿ ಅಷ್ಟು ಎಣಿಸುವವರೆಗೆ ಕಾಯುತ್ತದೆ. ನನ್ನ ಸೆಟ್ಟಿಂಗ್‌ನಲ್ಲಿ ಆ ಸಂಖ್ಯೆಯ ಗರಿಷ್ಠ ಮಿತಿ, ಅಂದ್ರೆ ಕಂಟೆನ್ಷನ್ ವಿಂಡೋ, ಪ್ರತಿ ಸೋಲಿಗೂ 31, 63, 127 ಅಂತ ಬೆಳೆದು 1023ಕ್ಕೆ ಹೋಗುತ್ತಿತ್ತು. 7 ಸಲ ಸೋತ ಮೇಲೆ ಪ್ಯಾಕೆಟ್ ಡ್ರಾಪ್. ಅಷ್ಟಕ್ಕೆ ದಾರಿ ಹುಡುಕುವ ಪ್ರೋಟೋಕಾಲ್ ಎಓಡಿವಿ ಲಿಂಕೇ ಕಡಿದಿದೆ ಅಂತ ತಿಳಿದು ಹೊಸ ದಾರಿ ಹುಡುಕಲು ಶುರುಮಾಡುತ್ತದೆ. ‘ಎ’ ಅಲ್ಲೇ ಇದೆ, ಸುಮ್ನೆ ಬೇರೆ ಕಡೆ ಮುಖ ಮಾಡಿದೆ ಅಷ್ಟೇ!

ನನಗೆ ತುಂಬಾ ಬೇಜಾರಾಗಿದ್ದು ಇದರ ಮುಂದಿನ ಭಾಗ. ‘ಎ’ ಒಂದು ಪ್ಯಾಕೆಟ್ ಮುಗಿಸಿ ಮತ್ತೆ 31ರೊಳಗೇ ಬ್ಯಾಕಾಫ್ ಆರಿಸಿಕೊಳ್ಳುತ್ತದೆ. ‘ಸಿ’ ಆಗ ದೊಡ್ಡ ಎಣಿಕೆಯಲ್ಲಿ ಕೂತಿರುತ್ತದೆ. ಅದು ಎಣಿಸಿ ಮುಗಿಸುವಷ್ಟರಲ್ಲಿ ‘ಎ’ ಮತ್ತೆ ‘ಬಿ’ ಕಡೆ ತಿರುಗಿರುತ್ತದೆ. ಬಡಪಾಯಿ ‘ಸಿ’ಗೆ ಸರದಿಯೇ ಸಿಗುವುದಿಲ್ಲ.

ಇದನ್ನೇ ಡೆಫ್‌ನೆಸ್ ಅನ್ನುವುದು, ಕಿವುಡುತನ. ರೊಮಿತ್ ರಾಯ್ ಚೌಧುರಿ, ನಿತಿನ್ ವೈದ್ಯ ಮತ್ತು ಜೊತೆಗಾರರ 2002ರ ಮೊಬಿಕಾಮ್ ಸಮ್ಮೇಳನದ ಪೇಪರ್ ಓದಿ. ಡೈರೆಕ್ಷನಲ್ ಆಂಟೆನಾಗೆಂದೇ ಮಾಡಿದ, ಯಾರು ಯಾವಾಗ ಕಳಿಸಬೇಕು ಅಂತ ತೀರ್ಮಾನಿಸುವ ಡಿಮ್ಯಾಕ್, ಎಂಮ್ಯಾಕ್ ಪ್ರೋಟೋಕಾಲ್ ಎರಡೂ ಅದರಲ್ಲಿವೆ. ಫ್ಲೋಗಳು (ಒಂದು ನೋಡ್‌ನಿಂದ ಇನ್ನೊಂದಕ್ಕೆ ಹರಿಯುವ ಡೇಟಾ) ಒಂದೇ ಗೆರೆಯಲ್ಲಿದ್ದರೆ ಡೈರೆಕ್ಷನಲ್ ಲಾಭ ಕರಗುತ್ತದೆ ಅನ್ನುವುದೂ ಅಲ್ಲೇ ಇದೆ. ನಿಮ್ಮ ನೋಡ್‌ಗಳು ಸಾಲಾಗಿದ್ದರೆ ಮೊದಲು ಚದುರಿಸಿ ನೋಡಿ.

ಪರಿಹಾರದಲ್ಲಿ ನನಗೆ ಹಿಡಿಸಿದ್ದು ರಾಯ್ ಚೌಧುರಿ, ವೈದ್ಯ ಇಬ್ಬರ 2004ರ ಟೋನ್‌ಡಿಮ್ಯಾಕ್ ಪ್ರೋಟೋಕಾಲ್. ಮಾತು ಮುಗಿದ ಮೇಲೆ ನೋಡ್ ಬೇರೆ ಚಾನೆಲ್‌ನಲ್ಲಿ ಸುತ್ತಲೂ ಒಂದು ಟೋನ್ ಬಿಡುತ್ತದೆ. ಅದನ್ನು ಕೇಳಿದ ‘ಸಿ’ಗೆ ತಾನು ಸೋತದ್ದು ಕೊಲಿಷನ್‌ನಿಂದ ಅಲ್ಲ ಅಂತ ಗೊತ್ತಾಗುತ್ತದೆ, ವಿಂಡೋ ಇಳಿಸಿಕೊಳ್ಳುತ್ತದೆ. ಆರ್‌ಟಿಎಸ್ಸನ್ನೇ ಒಂದೊಂದು ದಿಕ್ಕಿಗೂ ಸುತ್ತಿ ಕಳಿಸುವ ದಾರಿಯೂ ಇದೆ, ಆದರೆ ಪ್ರತಿ ಪ್ಯಾಕೆಟ್‌ಗೂ ಅಷ್ಟು ಸುತ್ತು ಅಂದ್ರೆ ಸಮಯ ಜಾಸ್ತಿ ಹೋಗುತ್ತದೆ.

ಪ್ರೋಟೋಕಾಲ್ ಬದಲಿಸುವ ಮುಂಚೆ ಒಂದು ಕೆಲಸ ಮಾಡಿ. ಉತ್ತರ ಬಾರದ ಪ್ರತಿ ಆರ್‌ಟಿಎಸ್ ಹೊತ್ತಿಗೆ ಆ ಕಡೆಯ ನೋಡ್‌ನ ಬೀಮ್ ಎತ್ತ ಇತ್ತು ಅಂತ ಟ್ರೇಸ್‌ನಿಂದ ಎಣಿಸಿ. ಲೆಕ್ಕ ಸಿಕ್ಕರೆ ಇಲ್ಲೇ ಹಾಕಿ, ನೋಡುತ್ತೇನೆ.