‘ಬ್ಯೂಟಿಫುಲ್ ಬಾಯ್’: ಪುಸ್ತಕಕ್ಕೂ ಸಿನಿಮಾಕ್ಕೂ ಯಾಕೆ ತಾಳೆಯಾಗುತ್ತಿಲ್ಲ

‘ಬ್ಯೂಟಿಫುಲ್ ಬಾಯ್’ ಸಿನಿಮಾ ನೋಡಿ ಅದೇ ಹೆಸರಿನ ಪುಸ್ತಕ ಹಿಡಿದರೆ ಘಟನೆಗಳು ತಾಳೆಯಾಗುತ್ತಿಲ್ಲ ಅಂದಿರಲ್ಲ, ಬಹುಶಃ ಕಾರಣ ಇದು: 2018ರ ಆ ಸಿನಿಮಾ ಎರಡು ಪುಸ್ತಕ ಬೆರೆಸಿ ಮಾಡಿದ್ದು. ಎರಡೂ ಅವರವರ ನಿಜ ಜೀವನದ ಕಥೆ. ಅಪ್ಪ ಡೇವಿಡ್ ಶೆಫ್ ಬರೆದ ‘ಬ್ಯೂಟಿಫುಲ್ ಬಾಯ್’ ಒಂದು, ಡ್ರಗ್ಸ್ ಚಟಕ್ಕೆ ಬಿದ್ದ ಮಗ ನಿಕ್ ಬರೆದ ‘ಟ್ವೀಕ್’ ಇನ್ನೊಂದು. ನಿಮ್ಮ ಹತ್ತಿರ ಇರುವುದು ಅಪ್ಪನದು ಮಾತ್ರ.

ಮೊದಲು ಅದನ್ನೇ ಮುಗಿಸಿ. ಅಪ್ಪನಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಿ ಆಸ್ಪತ್ರೆ ಸೇರುವ ಭಾಗ ಬರುತ್ತದೆ, ಆ ಹಾಸಿಗೆಯಲ್ಲೂ ಮಗನ ಚಿಂತೆ ಬಿಡುವುದಿಲ್ಲ. ಸಿನಿಮಾದಲ್ಲಿ ಅದು ಇಲ್ಲವೇ ಇಲ್ಲ! ನನಗೆ ಜಾಸ್ತಿ ಬೇಜಾರಾಗಿದ್ದು ಅಲ್ಲೇ. ಆಮೇಲೆ ‘ಟ್ವೀಕ್’ ಓದಿ, ಅದೇ ದಿನಗಳು ಮಗನ ಕಣ್ಣಲ್ಲಿ ಕಾಣುತ್ತವೆ. ಕೊನೆಗೆ ಸಿನಿಮಾ ಇನ್ನೊಮ್ಮೆ ನೋಡಿ. ಎರಡೂ ಪುಸ್ತಕದಲ್ಲಿ ಸಿಗದ ದೃಶ್ಯವನ್ನು ನಿಜವಾಗಿ ನಡೆದದ್ದು ಅಂತ ಸುಮ್ನೆ ನಂಬಬೇಡಿ.