ಬಿ.ಎ. ಅರ್ಥಶಾಸ್ತ್ರ ಓದುವವರಿಗೆ ಗಣಿತ, ಕಂಪ್ಯೂಟರ್ ಎಷ್ಟು ಬೇಕು?

ಪ್ರಶ್ನೆ: ಹಾಸನದಲ್ಲಿ ಇತಿಹಾಸ, ಅರ್ಥಶಾಸ್ತ್ರ ತಗೊಂಡು ಬಿ.ಎ. ಓದುತ್ತಿದ್ದೇನೆ. ಪಿಯುಸಿಯಲ್ಲಿ ಗಣಿತ ಇರಲಿಲ್ಲ. ಎಂ.ಎ. ಅರ್ಥಶಾಸ್ತ್ರಕ್ಕೆ ಕಷ್ಟ ಆಗುತ್ತಾ?

ಉತ್ತರ: ಮೊದಲಿಗೆ ಸ್ವಲ್ಪ ಕಷ್ಟವೇ. ಆದರೆ ಇಡೀ ಗಣಿತ ಬೇಕಿಲ್ಲ. ಕಲನಶಾಸ್ತ್ರದಲ್ಲಿ ಅವಕಲನ (ಒಂದು ಬದಲಾದಾಗ ಇನ್ನೊಂದು ಎಷ್ಟು ವೇಗವಾಗಿ ಬದಲಾಗುತ್ತದೆ ಎಂಬ ಲೆಕ್ಕ), ಸ್ವಲ್ಪ ಮ್ಯಾಟ್ರಿಕ್ಸ್ (ಸಾಲು, ಕಂಬಗಳಲ್ಲಿ ಜೋಡಿಸಿದ ಅಂಕಿಗಳ ಲೆಕ್ಕ), ಸಂಭವನೀಯತೆ ಸಾಕು. ನೀವು ಓದುವ ಸೀಮಾಂತ ವೆಚ್ಚ, ಅಂದರೆ ಇನ್ನೂ ಒಂದು ವಸ್ತು ತಯಾರಿಸಲು ತಗಲುವ ಹೆಚ್ಚುವರಿ ವೆಚ್ಚ ಇದೆಯಲ್ಲ, ಅದು ಒಟ್ಟು ವೆಚ್ಚದ ಅವಕಲನವೇ.

ಜಾಸ್ತಿ ಗಮನ ಕೊಡಬೇಕಾದ್ದು ಸಂಖ್ಯಾಶಾಸ್ತ್ರಕ್ಕೆ. ಹಾಸನದ ಎಪಿಎಂಸಿಗೆ ಆಲೂಗಡ್ಡೆ ಹೆಚ್ಚು ಬಂದ ದಿನ ಬೆಲೆ ಎಷ್ಟು ಇಳಿಯುತ್ತದೆ? ಆವಕ, ಬೆಲೆ ಎರಡನ್ನೂ ಗ್ರಾಫಿನಲ್ಲಿ ಗುರುತಿಸಿ, ಚುಕ್ಕೆಗಳಿಗೆ ಹೊಂದುವ ಗೆರೆ ಎಳೆದು ಅದರ ಇಳಿಜಾರು ನೋಡುವುದೇ ರಿಗ್ರೆಶನ್. ಆದರೆ ಅಂಗಮಾರಿ ರೋಗ ಬಂದ ವರ್ಷ ಆವಕವೂ ಕಡಿಮೆ, ಗುಣಮಟ್ಟವೂ ಕಡಿಮೆ. ಆಗ ಬರೀ ಆವಕ ನೋಡಿದರೆ ಲೆಕ್ಕ ದಾರಿ ತಪ್ಪುತ್ತದೆ. ಅರ್ಥಶಾಸ್ತ್ರದ ಪ್ರಶ್ನೆಗಳಿಗೆ ಸಂಖ್ಯಾಶಾಸ್ತ್ರ ಬಳಸುವ ಎಕನಾಮೆಟ್ರಿಕ್ಸ್‌ನ ಅರ್ಧ ತಲೆನೋವು ಇದೇ.

ಕಂಪ್ಯೂಟರಿಗೆ ಆರ್ (R) ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದು ಸಾಕು. ಎರಡೂ ಉಚಿತ. ಎನ್‌ಪಿಟಿಇಎಲ್ (NPTEL), ಸ್ವಯಂ (SWAYAM) ಎಂಬ ಆನ್‌ಲೈನ್ ಪಾಠದ ಜಾಲತಾಣಗಳಲ್ಲಿ ಪಾಠ ಕೇಳಲು ದುಡ್ಡು ಕೊಡಬೇಕಿಲ್ಲ; ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ.

ಇತಿಹಾಸ ಓದಿದ್ದು ವ್ಯರ್ಥ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ಪಕ್ಕದ ಚಿಕ್ಕಮಗಳೂರಿನ ಕಾಫಿಯನ್ನೇ ನೋಡಿ. 1990ರ ದಶಕದವರೆಗೆ ಬೆಳೆಗಾರರು ಕಾಫಿ ಮಂಡಳಿಯ ಪೂಲ್‌ಗೆ (ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ) ಕಾಫಿ ಕೊಡಬೇಕಿತ್ತು, ಆಮೇಲೆ ಮುಕ್ತ ಮಾರಾಟ ಬಂತು. ಅದು ಗೊತ್ತಿಲ್ಲದವರಿಗೆ ಹಳೆಯ ಬೆಲೆಯ ಅಂಕಿಗಳು ಅರ್ಥವೇ ಆಗುವುದಿಲ್ಲ.