ನಗರ ಬಿಟ್ಟು ದೂರದ ಹಳ್ಳಿಗೆ ಹೋಗುವ ಕುಟುಂಬ ಮೊದಲ ವರ್ಷಕ್ಕೆ ಹೇಗೆ ತಯಾರಾಗಬೇಕು?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು: ಗಂಡ, ಹೆಂಡತಿ, ಇಬ್ಬರು ಮಕ್ಕಳು ಗುರುತು ಪರಿಚಯ ಇಲ್ಲದ ದೂರದ ಹಳ್ಳಿಗೆ ಹೊರಟಿದ್ದೀರಿ. ಒಬ್ಬರಿಗೆ ಹೊರಗೆ ಕೆಲಸ, ಇನ್ನೊಬ್ಬರು ಮನೆಯಲ್ಲಿ. ಮನೆಗೆ ತೆರೆದ ಬಾವಿ, ಪಂಪು, ಸೆಪ್ಟಿಕ್ ಟ್ಯಾಂಕ್ ಇವೆ. ಅಲ್ಲಿಗೆ ಒಗ್ಗಿಕೊಳ್ಳಲು ಏನು ಮಾಡಬೇಕು ಎನ್ನುವುದು ನಿಮ್ಮ ಪ್ರಶ್ನೆ.

ಮನೆ ನಡೆಸುವ ಪ್ರತಿಯೊಂದು ಕೆಲಸವೂ ದೊಡ್ಡವರಿಬ್ಬರಿಗೂ ಗೊತ್ತಿರಲಿ. ನಾನು ಹೇಳುವುದರಲ್ಲಿ ಇದೇ ಮುಖ್ಯ. ನಗರದಲ್ಲಿ ನೀರು, ಕೊಳಚೆ, ಕಸ ನೋಡಿಕೊಳ್ಳುವವರು ಬೇರೆ ಯಾರೋ ಇರುತ್ತಾರೆ. ಹಳ್ಳಿಮನೆಯಲ್ಲಿ ಅದೆಲ್ಲ ಮನೆಯವರ ತಲೆಗೇ ಬರುತ್ತದೆ. ಒಬ್ಬರೇ ಕಲಿತುಕೊಂಡು, ಅವರು ಕೆಲಸಕ್ಕೆ ಹೋದ ಮೇಲೆ ಪಂಪು ಕೈಕೊಟ್ಟರೆ, ಮನೆಯಲ್ಲಿರುವವರು ಮಕ್ಕಳನ್ನು ಇಟ್ಟುಕೊಂಡು ನೀರಿಲ್ಲದೆ ಸಂಜೆವರೆಗೆ ಕಾಯಬೇಕು. ವಾಪಸ್ ಹೋಗೋಣ ಎನ್ನಿಸುವುದು ಹೆಚ್ಚಾಗಿ ಇಂಥ ದಿನಗಳಿಂದ. ಹಾವು, ಕತ್ತಲೆಯ ಭಯ ಆಮೇಲಿನದು.

ಪಂಪಿನಿಂದಲೇ ಶುರು ಮಾಡಿ. ಬಾವಿಯ ಮೇಲೆ ಕೂರಿಸಿದ ಮೋಟಾರು ಓಡುತ್ತದೆ, ನೀರು ಬರುವುದಿಲ್ಲ ಎಂದರೆ ಬಹುತೇಕ ಸಲ ಅದು ಗಾಳಿ ಹಿಡಿದಿರುತ್ತದೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಪಂಪಿನ ನೆತ್ತಿಯ ಮೇಲಿರುವ ಬಿರಡೆಯನ್ನು ಸ್ಪ್ಯಾನರಿನಿಂದ ಬಿಚ್ಚಿ, ಗುಳ್ಳೆ ನಿಲ್ಲುವವರೆಗೆ ನಿಧಾನವಾಗಿ ನೀರು ಹುಯ್ಯಿರಿ. ಬಾಯಿಮಟ್ಟಕ್ಕೆ ಬಂದ ನೀರು ಅಲ್ಲೇ ನಿಂತರೆ ಬಿರಡೆಯ ಮರೆಗೆ (ತಿರುಪಿನ ಸುತ್ತುಗಳಿಗೆ) ಸೋರಿಕೆ ತಡೆಯುವ ಟೆಫ್ಲಾನ್ ಟೇಪು ಸುತ್ತಿ ಬಿಗಿ ಮಾಡಿ, ಮೋಟಾರು ಹಾಕಿ. ಒಂದೆರಡು ನಿಮಿಷದಲ್ಲಿ ನೀರು ಬರದಿದ್ದರೆ ನಿಲ್ಲಿಸಿಬಿಡಿ. ಒಣಗಿ ಓಡಿದ ಪಂಪಿನ ಸೀಲ್ ಸುಟ್ಟುಹೋಗುತ್ತದೆ. ಹುಯ್ದ ನೀರು ಇಳಿಯುತ್ತಲೇ ಹೋದರೆ ಬಾವಿಯೊಳಗಿನ ಫುಟ್ ವಾಲ್ವ್, ಅಂದರೆ ಹೀರುವ ಪೈಪಿನ ತುದಿಯಲ್ಲಿದ್ದು ನೀರು ವಾಪಸ್ ಇಳಿಯದಂತೆ ತಡೆಯುವ ಕವಾಟ, ಹಿಡಿಯುತ್ತಿಲ್ಲ. ಅದರ ಬಾಯಿಗೆ ಎಲೆಯೋ ಕಲ್ಲಿನ ಚೂರೋ ಸಿಕ್ಕಿರಬಹುದು. ಓಡುತ್ತ ಓಡುತ್ತಲೇ ನೀರು ಕಡಿದುಹೋದರೆ ಎರಡು ಅನುಮಾನ: ಹೀರುವ ಪೈಪಿನ ಜಾಯಿಂಟಿನಲ್ಲಿ ಗಾಳಿ ಸೇರುತ್ತಿದೆ, ಇಲ್ಲವೇ ಬಾವಿಯ ನೀರು ಫುಟ್ ವಾಲ್ವಿಗಿಂತ ಕೆಳಕ್ಕೆ ಹೋಗಿದೆ. ಈ ಕೆಲಸವನ್ನು ಇಬ್ಬರೂ ಒಂದೊಂದು ಸಲ ಕೈಯಾರೆ ಮಾಡಿ ನೋಡಿ. ನಿಂತು ನೋಡಿದರೆ ಬರುವುದಿಲ್ಲ. ಒಂದು ಸ್ಪ್ಯಾನರು, ಟೇಪು, ಬಕೆಟ್ ನೀರು ಪಂಪಿನ ಪಕ್ಕದಲ್ಲೇ ಇರಲಿ. ನಾಲ್ಕು ಜನಕ್ಕೆ ದಿನಕ್ಕೆ 400–500 ಲೀಟರ್ ಹಿಡಿದರೆ 1,000 ಲೀಟರಿನ ಟ್ಯಾಂಕು ಎರಡು ದಿನ ಕಾಯುತ್ತದೆ. ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ.

ನೀರು ತಿಳಿಯಾಗಿದೆ ಎಂದು ಕುಡಿಯಲು ಶುರು ಮಾಡಬೇಡಿ, ಪರೀಕ್ಷೆ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ. ಕೊಲೈ (ಮಲ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ಲೀಟರಿಗೆ ನೈಟ್ರೇಟ್ 50 ಮಿ.ಗ್ರಾಂ, ಫ್ಲೋರೈಡ್ 1.5 ಮಿ.ಗ್ರಾಂ ಮೀರಬಾರದು. ಇವುಗಳ ಜೊತೆಗೆ ಆರ್ಸೆನಿಕ್ ಕೂಡ ನೋಡಿಸಿ. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ದಟ್ಟವಾಗುತ್ತವೆ. ಬಾಟಲಿ ಹಾಲು ಕುಡಿಯುವ ಕೂಸಿದ್ದರೆ ನೈಟ್ರೇಟ್ ಹೆಚ್ಚಿರುವ ನೀರು ನಿಜಕ್ಕೂ ಅಪಾಯ.

ಇ. ಕೊಲೈ ಬಂದರೆ ಬಾವಿಗೆ ಕ್ಲೋರಿನ್ ಹಾಕಬೇಕು. ಲೆಕ್ಕ ಸುಲಭ. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್. ಲೀಟರಿಗೆ 50 ಮಿ.ಗ್ರಾಂ ಕ್ಲೋರಿನ್ ಬೇಕೆಂದರೆ 470 ಗ್ರಾಂ, ಶೇ. 30ರ ಬ್ಲೀಚಿಂಗ್ ಪುಡಿಯಾದರೆ 1.6 ಕಿಲೋ. ಹಳೆಯ ಪುಡಿಗೆ ಕಸುವು ಇರುವುದಿಲ್ಲ, ಹೊಸದನ್ನೇ ತನ್ನಿ. ಬಯಲಿನಲ್ಲಿ ಪ್ಲಾಸ್ಟಿಕ್ ಬಕೆಟಿನಲ್ಲಿ ಕರಗಿಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಹುಯ್ಯಿರಿ. ಆ್ಯಸಿಡ್ ಅಥವಾ ಬೇರೆ ಕ್ಲೀನರ್ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಎಲ್ಲ ನಲ್ಲಿಗಳಲ್ಲೂ ವಾಸನೆ ಬರುವವರೆಗೆ ನೀರು ಬಿಟ್ಟು, ಮುಚ್ಚಿ, ಕನಿಷ್ಠ 12 ಗಂಟೆ ಮುಟ್ಟಬೇಡಿ. ಆಮೇಲೆ ವಾಸನೆ ಹೋಗುವವರೆಗೆ ಆ ನೀರನ್ನು ಗಿಡ, ಕೆರೆಗಳಿಂದ ದೂರ ಬಯಲಿಗೆ ಬಿಡಿ. ಸೆಪ್ಟಿಕ್ ಟ್ಯಾಂಕಿಗೆ ಬಿಟ್ಟರೆ ಅಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ಒಂದೆರಡು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಮತ್ತೆ ಬಂದರೆ ಕ್ಲೋರಿನ್ ಸುರಿಯುತ್ತ ಕೂರುವುದರಲ್ಲಿ ಅರ್ಥವಿಲ್ಲ. ಕೊಳೆ ಎಲ್ಲಿಂದಲೋ ಇಳಿಯುತ್ತಿದೆ, ಅದನ್ನು ಹುಡುಕಬೇಕು. ಕಟ್ಟೆಯ ಬಿರುಕು, ಬಾವಿಯ ಕಡೆಗೇ ಇಳಿಜಾರಾದ ನೆಲ, ತೀರ ಹತ್ತಿರದ ಇಂಗುಗುಂಡಿ (ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿ), ಈ ಮೂರನ್ನು ಮೊದಲು ನೋಡಿ. ಇಂಗುಗುಂಡಿಗೂ ಬಾವಿಗೂ 15 ಮೀಟರಾದರೂ ಅಂತರ ಬೇಕು. 30 ಇದ್ದರೆ ಒಳ್ಳೆಯದು.

ಮಕ್ಕಳಿರುವ ಮನೆಯಲ್ಲಿ ತೆರೆದ ಬಾವಿಗೆ ಕಬ್ಬಿಣದ ಜಾಲರಿ, ಅದಕ್ಕೆ ಬೀಗ ಇರಲೇಬೇಕು. ಸಾಮಾನು ಇಳಿಸುವ ಮುಂಚೆ ಆಗಬೇಕಾದ ಕೆಲಸ ಇದು.

ಸೆಪ್ಟಿಕ್ ಟ್ಯಾಂಕನ್ನು ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಕಕ್ಕಸಿನಲ್ಲಿ ಗುಳುಗುಳು ಸದ್ದು, ನೀರು ನಿಧಾನವಾಗಿ ಇಳಿಯುವುದು, ಇಂಗುಗುಂಡಿಯ ಮೇಲೆ ಮಾತ್ರ ಹುಲ್ಲು ಹುಲುಸಾಗಿರುವುದು ಕಂಡರೆ ವರ್ಷ ಎಣಿಸುತ್ತ ಕೂರಬೇಡಿ. ಅದರ ಮೇಲೆ ಗಾಡಿ ನಿಲ್ಲಿಸಬೇಡಿ, ಮರ ನೆಡಬೇಡಿ. ಟ್ಯಾಂಕಿನ ಒಳಗೆ ಯಾರೂ ಇಳಿಯಬಾರದು, ಯಾರನ್ನೂ ಇಳಿಸಬಾರದು. ಅಲ್ಲಿಯ ಅನಿಲಕ್ಕೆ ಉಸಿರು ನಿಲ್ಲುತ್ತದೆ.

ಕರೆಂಟಿನ ವಿಷಯ. 12 ವೋಲ್ಟ್, 150 ಆಂಪಿಯರ್-ಅವರ್ ಲೆಡ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಇದ್ದರೂ, ಬಾಳಿಕೆ ಬರಬೇಕೆಂದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಇನ್ವರ್ಟರ್ ನುಂಗುವುದನ್ನು ಕಳೆದರೆ ಎರಡು ಫ್ಯಾನು, ನಾಲ್ಕು ಎಲ್‌ಇಡಿ ಬಲ್ಬು, ರೌಟರ್ ಸೇರಿ 150 ವ್ಯಾಟಿಗೆ ಸುಮಾರು ಐದು ಗಂಟೆ. ಪಂಪನ್ನು ಇದರಲ್ಲಿ ಓಡಿಸುವ ಆಸೆ ಬೇಡ. ಶುರುವಾಗುವಾಗ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ವೋಲ್ಟೇಜ್ ಕಡಿಮೆ ಇದ್ದಾಗಲೂ ಪಂಪು ಹಾಕಬೇಡಿ, ಮೋಟಾರಿನೊಳಗಿನ ತಂತಿಸುರುಳಿ ಸುಡುತ್ತದೆ. ಜನರೇಟರ್ ಇಟ್ಟರೆ ಮನೆಯ ಹೊರಗೆ, ಕಿಟಕಿ ಬಾಗಿಲುಗಳಿಂದ 6 ಮೀಟರಾದರೂ ದೂರ.

ಆಸ್ಪತ್ರೆ ಎಷ್ಟು ದೂರ ಎನ್ನುವುದಷ್ಟೇ ತಿಳಿದರೆ ಸಾಲದು. ಹಾವಿನ ವಿಷದ ಮದ್ದು ಮತ್ತು ರೇಬೀಸ್ ಲಸಿಕೆ ಯಾವ ಆಸ್ಪತ್ರೆಯಲ್ಲಿ ಇರುತ್ತದೆ, ರಾತ್ರಿ ವೈದ್ಯರು ಇರುತ್ತಾರಾ ಎಂದು ಹಳ್ಳಿಗೆ ಹೋದ ಮೊದಲ ವಾರದಲ್ಲೇ ಖುದ್ದಾಗಿ ಕೇಳಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ಆಸ್ಪತ್ರೆಗೆ ಹೊರಡಿ. ನಾಯಿ ಕಚ್ಚಿದರೆ ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಲಸಿಕೆಗೆ ಹೋಗಿ. ದಿನಾ ತೆಗೆದುಕೊಳ್ಳುವ ಮಾತ್ರೆಗಳು ಯಾವಾಗಲೂ ಒಂದು ತಿಂಗಳಿಗೆ ಆಗುವಷ್ಟು ಇರಲಿ.

ಇನ್ನು ಮನೆಯಲ್ಲಿ ಉಳಿಯುವವರ ಮಾತು. ಕೆಲಸಕ್ಕೆ ಹೋಗುವವರಿಗೆ ಹೊಸ ಊರು ತಾನಾಗಿ ಸಿಗುತ್ತದೆ, ಮನೆಯಲ್ಲಿರುವವರಿಗೆ ಸಿಗುವುದಿಲ್ಲ. ಮನೆಯಲ್ಲಿರುವ ಒಂದೇ ಗಾಡಿಯನ್ನೂ ಇನ್ನೊಬ್ಬರು ತೆಗೆದುಕೊಂಡು ಹೋದರೆ ಕೂಡಿಹಾಕಿದ ಹಾಗೆ ಆಗುತ್ತದೆ. ಎರಡನೇ ಗಾಡಿ, ಹಳೆಯ ದ್ವಿಚಕ್ರ ವಾಹನವಾದರೂ ಸರಿ, ತೋಟದ ಸಲಕರಣೆಗಿಂತ ಮೊದಲು ಬರಲಿ. ಓಡಿಸಲು ಬಾರದಿದ್ದರೆ ಹೊರಡುವ ಮುಂಚೆಯೇ ಕಲಿಯಿರಿ. ವಾರದಲ್ಲಿ ಒಂದು ದಿನ ಅವರು ಹೊರಗೆ, ಮನೆ ಮಕ್ಕಳು ಇನ್ನೊಬ್ಬರಿಗೆ ಎಂದು ಗೊತ್ತುಮಾಡಿಕೊಳ್ಳಿ. ಸಣ್ಣ ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ. ಹದಿಹರೆಯದವರಿಗೆ ಬಿಟ್ಟುಬಂದ ಗೆಳೆಯರೇ ಪ್ರಪಂಚ. ಹಳೆಯ ಊರಿಗೆ ಮತ್ತೆ ಯಾವಾಗ ಹೋಗುವುದು ಎಂದು ದಿನಾಂಕ ಹೇಳಿ, ಅದನ್ನು ತಪ್ಪಿಸಬೇಡಿ.

ಅಕ್ಕಪಕ್ಕದವರ ವಿಷಯದಲ್ಲಿ, ಕೇಳದೆ ಬೇಲಿ ಹಾಕುವುದು, ಮಳೆನೀರಿನ ದಾರಿ ತಿರುಗಿಸುವುದು, ಜನ ಓಡಾಡುವ ಕಾಲುದಾರಿ ಮುಚ್ಚುವುದು, ಇವು ಮೂರರಿಂದ ಬಂದ ಜಗಳ ವರ್ಷಗಟ್ಟಲೆ ಉಳಿಯುತ್ತದೆ. ಒಂದು ಮಳೆಗಾಲ ನೀರು ಎಲ್ಲಿ ಹರಿಯುತ್ತದೆ, ಯಾರು ಎಲ್ಲಿ ಓಡಾಡುತ್ತಾರೆ ನೋಡಿ, ಆಮೇಲೆ ನಿಮ್ಮ ಯೋಜನೆ. ತೋಟವೂ ಮೊದಲ ವರ್ಷ 10 ಚದರ ಮೀಟರಿಗಿಂತ ದೊಡ್ಡದು ಬೇಡ.

ಹೊರಡುವ ಮುಂಚೆ ಈಗ ಆ ಮನೆಯಲ್ಲಿರುವವರ ಜೊತೆ ಅರ್ಧ ದಿನ ಸುತ್ತಾಡಿ, ಇಬ್ಬರೂ ಹೋಗಿ. ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಎಲ್ಲಿದೆ, ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದ್ದು, ನೆಲದಡಿ ಪೈಪು ಹೋಗಿರುವ ದಾರಿ ಯಾವುದು, ಕಡು ಬೇಸಿಗೆಯಲ್ಲಿ ಬಾವಿಯ ನೀರು ಎಷ್ಟಕ್ಕೆ ಇಳಿಯುತ್ತದೆ, ಮೋಟಾರು ರಿಪೇರಿಗೆ ಯಾರನ್ನು ಕರೆಯುತ್ತಾರೆ ಎಂದೆಲ್ಲ ಕೇಳಿ, ಒಂದು ಕಾಗದದಲ್ಲಿ ನಕ್ಷೆ ಬರೆದು ಮೀಟರ್ ಬೋರ್ಡಿನ ಪಕ್ಕ ಅಂಟಿಸಿ.